ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟರಾಮನ್ (7 ನವೆಂಬರ್ 1888 – 21 ನವೆಂಬರ್ 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದರಿಕೆಯನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ವಿಜ್ಞಾನ ವಿಭಾಗದಲ್ಲಿ ಈ ಗೌರವಕ್ಕೆ ಪಾತ್ರರಾದ ಏಷ್ಯಾದ ಮೊದಲಿಗರು ಇವರೇ. ಹುಟ್ಟಿದ್ದು ತಮಿಳುನಾಡಿನಲ್ಲಿ, ಹೆಸರು ಗಳಿಸಿದ್ದು ಕಲ್ಕತ್ತೆಯಲ್ಲಿ. ಆದರೆ ಜೀವಿತದ ಕೊನೆಯ ಮೂವತ್ತೇಳು ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ರಾಮನ್ ಪರಿಣಾಮದ ಹೆಸರು ಶಾಲಾ ಮಕ್ಕಳಿಗೂ ಗೊತ್ತು. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಅವರ ಬಹುಪಾಲು ಕೆಲಸದ ಹಿಂದೆ ಒಂದೇ ಪ್ರಶ್ನೆಯಿತ್ತು: ಗೊತ್ತುಗುರಿಯಿಲ್ಲದೆ ಚಲಿಸುವ ಕೋಟ್ಯಂತರ ಅಣುಗಳಿಂದ, ಅಡ್ಡಾದಿಡ್ಡಿಯಾಗಿ ಬಿದ್ದ ಧೂಳಿನ ಕಣಗಳಿಂದ, ಕಣ್ಣಿಗೆ ಕಾಣುವ ಕ್ರಮಬದ್ಧವಾದ ಬಣ್ಣ, ಉಂಗುರ, ರೇಖೆಗಳು ಹೇಗೆ ಮೂಡುತ್ತವೆ? ಇದಕ್ಕೆ ಅವರು ಕಂಡುಕೊಂಡ ಉತ್ತರದ ಅಡಿಪಾಯ ಸಂಭವನೀಯತೆಯ ಗಣಿತ.

ಜನನ ಮತ್ತು ವಿದ್ಯಾಭ್ಯಾಸ

ರಾಮನ್ ಜನಿಸಿದ್ದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರಾಗಿ ವಿಶಾಖಪಟ್ಟಣದ ಕಾಲೇಜಿಗೆ ಹೋದುದರಿಂದ ರಾಮನ್ನರ ಬಾಲ್ಯ ಅಲ್ಲಿಯೇ ಕಳೆಯಿತು. ಮನೆಯಲ್ಲಿ ಪುಸ್ತಕಗಳಿಗೂ ಸಂಗೀತಕ್ಕೂ ಕೊರತೆಯಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿದ ಬಾಲಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು. 1907ರಲ್ಲಿ ಎಂ.ಎ. ಆಯಿತು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಆಯತಾಕಾರದ ಕಂಡಿಯಿಂದ ಉಂಟಾಗುವ ವಿವರ್ತನೆಯ ಪಟ್ಟಿಗಳನ್ನು ಕುರಿತು ಅವರು ಬರೆದ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು.

ಆ ಕಾಲದ ಭಾರತದಲ್ಲಿ ವಿಜ್ಞಾನವನ್ನೇ ಜೀವನೋಪಾಯವಾಗಿ ನೆಚ್ಚಿಕೊಳ್ಳುವಂತಿರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1907ರಲ್ಲಿ ಲೋಕಸುಂದರಿ ಅವರನ್ನು ವಿವಾಹವಾಗಿ, ಅದೇ ವರ್ಷ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದರು.

ಕಲ್ಕತ್ತೆಯ ದಿನಗಳು

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಪ್ರವರ್ಧನ ಸಂಘವಿತ್ತು. ಕಟ್ಟಡವಿತ್ತು, ಉಪಕರಣಗಳಿದ್ದವು, ಸಂಶೋಧಕರಿರಲಿಲ್ಲ. ರಾಮನ್ ಕಚೇರಿಯ ಸಮಯಕ್ಕೆ ಮೊದಲು ಮತ್ತು ಕಚೇರಿ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಪ್ರಯೋಗ ನಡೆಸತೊಡಗಿದರು. ರಂಗೂನಿಗೂ ನಾಗಪುರಕ್ಕೂ ಆದ ವರ್ಗಾವಣೆಗಳ ಅಲ್ಪಾವಧಿಯನ್ನು ಬಿಟ್ಟರೆ ಹತ್ತು ವರ್ಷ ಇದೇ ದಿನಚರಿ ನಡೆಯಿತು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠ ದೊರೆತಾಗ, ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು ಕಡಿಮೆ ಸಂಬಳದ ಅಧ್ಯಾಪನವನ್ನು ಆರಿಸಿಕೊಂಡರು.

ಮೊದಮೊದಲು ಅವರ ಆಸಕ್ತಿಯಿದ್ದದ್ದು ನಾದದಲ್ಲಿ. ಪಿಟೀಲಿನ ತಂತಿಯ ಕಂಪನ, ಮೃದಂಗ ಮತ್ತು ತಬಲಗಳ ಸ್ವರಗುಣ ಇವುಗಳನ್ನು ಅಭ್ಯಾಸ ಮಾಡಿದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಮೃದಂಗದ ಚರ್ಮದ ನಡುವಿನ ಕಪ್ಪು ಲೇಪ ಅವನ್ನು ಸುಸ್ವರ ಶ್ರೇಣಿಗೆ ತರುತ್ತದೆಂದು ತೋರಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ನುಡಿಸಿದರೆ, ಎಲ್ಲೆಂದರಲ್ಲಿ ಬಿದ್ದ ಮರಳು ಅಲುಗಾಟವಿಲ್ಲದ ರೇಖೆಗಳಿಗೆ ಬಂದು ಕೂಡಿಕೊಂಡು ಚಿತ್ರ ಬರೆಯುತ್ತದೆ. ಈ ವಿಷಯವನ್ನು ಅವರು ಬೆಂಗಳೂರಿಗೆ ಬಂದ ನಂತರ, 1934ರಲ್ಲಿ, ವಿವರವಾಗಿ ಪ್ರಕಟಿಸಿದರು.

ಕಡಲಿನ ನೀಲಿ ಮತ್ತು ಅಣುಗಳ ಏರಿಳಿತ

1921ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದದ್ದು ರಾಮನ್ನರ ಮೊದಲ ವಿದೇಶ ಪ್ರವಾಸ. ನರ್ಕುಂಡಾ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಗಮನವನ್ನು ಸೆಳೆಯಿತು. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂಬುದು ಲಾರ್ಡ್ ರೇಲೀ ಅವರ ಅಭಿಪ್ರಾಯವಾಗಿತ್ತು. ರೇಲೀ ಆಗಿನ ಭೌತವಿಜ್ಞಾನದ ಪರಮ ಪ್ರಮಾಣ, ರಾಮನ್ನರಿಗೂ ಗುರುಸಮಾನರು. ಆದರೂ ರಾಮನ್ ಜೇಬಿನಲ್ಲಿದ್ದ ನಿಕೋಲ್ ಪಟ್ಟಕದಿಂದ, ಸೂಕ್ತ ಕೋನದಲ್ಲಿ ನೋಡಿ, ಪ್ರತಿಫಲಿತ ಬೆಳಕನ್ನು ತಡೆಗಟ್ಟಿದರು. ನೀಲಿ ಮಾಯವಾಗಲಿಲ್ಲ, ಮತ್ತಷ್ಟು ಗಾಢವಾಗಿ ಕಂಡಿತು. ಹಾಗಾದರೆ ಬಣ್ಣ ಬರುತ್ತಿದ್ದದ್ದು ನೀರಿನ ಒಡಲಿನಿಂದಲೇ. ಹಡಗು ಮುಂಬಯಿ ಬಂದರು ಮುಟ್ಟಿದಾಗಲೇ ನೇಚರ್ ಪತ್ರಿಕೆಗೆ ಅವರ ಟಿಪ್ಪಣಿ ಸಿದ್ಧವಾಗಿತ್ತು.

ನೀರು ಬೆಳಕನ್ನು ಏಕೆ ಚದರಿಸಬೇಕು? ಅಣುಗಳು ಸಂಪೂರ್ಣ ಸಮವಾಗಿ, ಸಾಲಾಗಿ, ನಿಶ್ಚಲವಾಗಿ ಜೋಡಿಸಲ್ಪಟ್ಟಿದ್ದರೆ ಬೆಳಕು ಚದರದೆ ನೇರವಾಗಿ ಸಾಗಿಹೋಗುತ್ತಿತ್ತು. ಪಕ್ಕಗಳಿಗೆ ಹೊರಟ ಅಲೆಗಳು ಪರಸ್ಪರ ಅಳಿಸಿಹೋಗುತ್ತಿದ್ದವು. ಅಣುಗಳ ಚಲನೆ ಯಾದೃಚ್ಛಿಕವಾದುದರಿಂದ ಒಂದು ಪುಟ್ಟ ಜಾಗದಲ್ಲಿ ಈ ಕ್ಷಣ ಅವುಗಳ ಸಂಖ್ಯೆ ಸರಾಸರಿಗಿಂತ ತುಸು ಹೆಚ್ಚು, ಮರುಕ್ಷಣ ತುಸು ಕಡಿಮೆ. ಉದಾಹರಣೆಗೆ ಗಾಳಿಯಲ್ಲಿ ಬೆಳಕಿನ ತರಂಗದೂರದಷ್ಟು, ಎಂದರೆ ಸುಮಾರು ಅರ್ಧ ಮೈಕ್ರೋಮೀಟರ್ ಬಾಹುವಿರುವ ಘನವನ್ನು ಊಹಿಸಿಕೊಂಡರೆ, ಅದರೊಳಗೆ ಸುಮಾರು 34 ಲಕ್ಷ ಅಣುಗಳಿರುತ್ತವೆ. ಸಂಭವನೀಯತೆಯ ನಿಯಮದಂತೆ ಈ ಸಂಖ್ಯೆ ತನ್ನ ವರ್ಗಮೂಲದಷ್ಟು, ಅಂದರೆ ಸುಮಾರು 1,800ರಷ್ಟು, ಹಿಂದೆಮುಂದೆ ಆಗುತ್ತಲೇ ಇರುತ್ತದೆ. ಎರಡು ಸಾವಿರಕ್ಕೆ ಒಂದು ಎಂಬಂಥ ಈ ಅಲ್ಪ ವ್ಯತ್ಯಾಸವೇ ಆಕಾಶವನ್ನು ನೀಲಿಯಾಗಿಸಲು ಸಾಕು. ಪೋಲೆಂಡಿನ ಸ್ಮೊಲುಕೋವ್‌ಸ್ಕಿ 1908ರಲ್ಲಿಯೂ ಐನ್‌ಸ್ಟೈನ್ 1910ರಲ್ಲಿಯೂ ಈ ಏರಿಳಿತಗಳ ಗಣಿತವನ್ನು ಬೆಳೆಸಿದ್ದರು. ಅದು ಮುಖ್ಯವಾಗಿ, ಅನಿಲವು ದ್ರವವಾಗುವ ಸಂಧಿಸ್ಥಿತಿಯ ಬಳಿ ಕಾಣುವ ಹಾಲಿನಂಥ ಮಬ್ಬನ್ನು ವಿವರಿಸಲು ಹುಟ್ಟಿದ ಸಿದ್ಧಾಂತ. ಅದನ್ನು ಸಾಮಾನ್ಯ ನೀರಿಗೂ ಕಡಲಿಗೂ ಅನ್ವಯಿಸಿದ್ದು ರಾಮನ್ನರ ಹೆಚ್ಚುಗಾರಿಕೆ.

ದ್ರವದಲ್ಲಿ ಲೆಕ್ಕ ಬೇರೆಯಾಗುತ್ತದೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದರೂ ಚದರಿಕೆ ಹೆಚ್ಚುವುದು ಸುಮಾರು ನೂರೈವತ್ತು ಪಟ್ಟು ಮಾತ್ರ. ನೀರಿನ ಅಣುಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ಅವುಗಳಿಗೆ ಗಾಳಿಯ ಅಣುಗಳಷ್ಟು ಸ್ವಾತಂತ್ರ್ಯವಿಲ್ಲ. ದ್ರವವನ್ನು ಅಮುಕುವುದು ಎಷ್ಟು ಕಷ್ಟವೋ ಅದರೊಳಗಿನ ಏರಿಳಿತ ಅಷ್ಟು ಕಡಿಮೆ. ಕಡಲಿನ ಬಣ್ಣದಲ್ಲಿ, ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವ ಪಾತ್ರವೂ ದೊಡ್ಡದೆಂಬುದು ಈಗ ಸ್ಪಷ್ಟವಾಗಿದೆ. ಆದರೆ ಆಳದಿಂದ ಬೆಳಕನ್ನು ಮರಳಿ ಕಣ್ಣಿಗೆ ಕಳುಹಿಸುವುದು ಅಣುಗಳ ಚದರಿಕೆಯೇ. ಈ ಎಲ್ಲ ವಿಚಾರಗಳನ್ನು ಒಟ್ಟುಗೂಡಿಸಿ ರಾಮನ್ ಬೆಳಕಿನ ಆಣವಿಕ ವಿವರ್ತನೆಯನ್ನು ಕುರಿತ ಗ್ರಂಥವನ್ನು 1922ರಲ್ಲಿ ಪ್ರಕಟಿಸಿದರು. 1924ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಇದೇ ತರ್ಕವನ್ನು 1923ರಲ್ಲಿ ಶಿಷ್ಯ ಕೆ. ಆರ್. ರಾಮನಾಥನ್ ಅವರೊಡನೆ ಕ್ಷ-ಕಿರಣಗಳಿಗೂ ವಿಸ್ತರಿಸಿದರು. ಸ್ಫಟಿಕದ ಮೂಲಕ ಹಾಯ್ದ ಕ್ಷ-ಕಿರಣ ಚುಕ್ಕಿಗಳ ವಿನ್ಯಾಸವನ್ನು ನೀಡಿದರೆ, ದ್ರವದ ಮೂಲಕ ಹಾಯ್ದದ್ದು ಮಸುಕಾದ ಉಂಗುರವೊಂದನ್ನು ನೀಡುತ್ತದೆ. ಕ್ರಮವಿಲ್ಲದ ದ್ರವದಲ್ಲಿ ಉಂಗುರ ಎಲ್ಲಿಂದ ಬಂತು? ಅಣುಗಳ ಸ್ಥಾನ ನಿಶ್ಚಿತವಲ್ಲದಿದ್ದರೂ ನೆರೆಯ ಎರಡು ಅಣುಗಳ ನಡುವೆ ಅತಿ ಹೆಚ್ಚು ಸಂಭವನೀಯವಾದ ಅಂತರವೊಂದು ಇದ್ದೇ ಇರುತ್ತದೆ. ಉಂಗುರದ ಅಳತೆ ಆ ಅಂತರಕ್ಕೆ ಸಂಬಂಧಿಸಿದೆ. ಉಂಗುರದ ಒಳಭಾಗ ಕಪ್ಪಾಗಿರಲು ಕಾರಣ, ಆ ದಿಕ್ಕಿನ ಚದರಿಕೆ ಸಾಂದ್ರತೆಯ ಏರಿಳಿತವನ್ನು ಅವಲಂಬಿಸಿರುವುದು ಮತ್ತು ದ್ರವದಲ್ಲಿ ಅದು ಅತ್ಯಲ್ಪವಾಗಿರುವುದು. ಕಡಲಿನ ಬಣ್ಣಕ್ಕೆ ಬಳಸಿದ ಸೂತ್ರವೇ ಇಲ್ಲಿಯೂ ಕೆಲಸಕ್ಕೆ ಬಂದಿತು.

ರಾಮನ್ ಪರಿಣಾಮ

ದ್ರವಗಳಲ್ಲಿ ಚದರಿದ ಬೆಳಕನ್ನು ಪರೀಕ್ಷಿಸುತ್ತಿದ್ದಾಗ ರಾಮನಾಥನ್ 1923ರಲ್ಲಿಯೇ ಬಣ್ಣ ಬದಲಾದ ಕ್ಷೀಣ ಬೆಳಕನ್ನು ಗಮನಿಸಿದ್ದರು. ಕಲ್ಮಶದಿಂದ ಹುಟ್ಟಿದ ಪ್ರತಿದೀಪ್ತಿಯಿರಬಹುದೆಂಬ ಶಂಕೆಯಿಂದ ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಹೋಗಲಿಲ್ಲ. ಮುಂದೆ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರೀನಿನಲ್ಲಿ ಇಂಥದೇ ಬೆಳಕನ್ನು ಕಂಡರು. 1928ರ ಆರಂಭದಲ್ಲಿ ರಾಮನ್ ಈ ಕೆಲಸಕ್ಕೆ ಕೆ. ಎಸ್. ಕೃಷ್ಣನ್ ಅವರನ್ನು ತೊಡಗಿಸಿದರು. ಫೆಬ್ರವರಿ 28ರಂದು, ಪಾದರಸ ದೀಪದ ಬೆಳಕು ಚದರಿದಾಗ ಮೂಲ ರೇಖೆಯಲ್ಲದೆ ಬೇರೆ ಆವೃತ್ತಿಯ ಹೊಸ ರೇಖೆಗಳೂ ಇರುವುದು ಖಚಿತವಾಯಿತು. ಮಾರ್ಚ್ 16ರಂದು ಈ ಹೊಸ ವಿಕಿರಣವನ್ನು ಕುರಿತು ರಾಮನ್ ಉಪನ್ಯಾಸ ನೀಡಿದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ. ಅದೇ ಸಮಯದಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಶಿಲೆಯಲ್ಲಿ ಈ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು; ಪ್ರಕಟಣೆಯಲ್ಲಿ ಕಲ್ಕತ್ತೆ ಮುಂದಾಯಿತು. 1930ರ ನೊಬೆಲ್ ಪಾರಿತೋಷಕ ರಾಮನ್ ಒಬ್ಬರಿಗೇ ಬಂದುದರಿಂದ ಕೃಷ್ಣನ್ ಅವರ ಪಾಲನ್ನು ಕುರಿತ ಚರ್ಚೆ ಬಹುಕಾಲ ನಡೆದಿದೆ.

ಹೊಸ ರೇಖೆಗಳ ಸ್ಥಾನವನ್ನು ಅಣುವಿನ ಕಂಪನ ನಿರ್ಧರಿಸುತ್ತದೆ. ಅವುಗಳ ಪ್ರಕಾಶದಲ್ಲಿ ಮತ್ತೆ ಸಂಭವನೀಯತೆ ಕಾಣಿಸಿಕೊಳ್ಳುತ್ತದೆ. ಬೆಳಕು ಅಣುವಿಗೆ ಶಕ್ತಿಯನ್ನು ಕೊಟ್ಟರೆ ರೇಖೆ ಕೆಂಪಿನ ಕಡೆಗೆ ಸರಿಯುತ್ತದೆ. ಆಗಲೇ ಕಂಪಿಸುತ್ತಿರುವ ಅಣುವಿನಿಂದ ಶಕ್ತಿಯನ್ನು ಪಡೆದರೆ ನೇರಳೆಯ ಕಡೆಗೆ. ಕೋಣೆಯ ಉಷ್ಣತೆಯಲ್ಲಿ ಬೆಂಜೀನಿನ ಪ್ರಮುಖ ಕಂಪನದಲ್ಲಿ ತೊಡಗಿರುವ ಅಣುಗಳ ಸಂಖ್ಯೆ ನೂರಕ್ಕೆ ಒಂದರಷ್ಟೂ ಇಲ್ಲ. ಆದುದರಿಂದ ನೇರಳೆಯ ಕಡೆಯ ರೇಖೆ ಬಹಳ ಮಂದ. ಈ ಎರಡು ರೇಖೆಗಳ ಪ್ರಕಾಶವನ್ನು ಹೋಲಿಸಿ ವಸ್ತುವಿನ ಉಷ್ಣತೆಯನ್ನೇ ಅಳೆಯಬಹುದು.

ಬೆಂಗಳೂರಿಗೆ ಆಗಮನ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಭೌತವಿಜ್ಞಾನ ವಿಭಾಗವನ್ನು ಹೊಸದಾಗಿ ಕಟ್ಟಿದರು. ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿ ಶಾಶ್ವತವಾಗಿ ಉಳಿಸಿಕೊಳ್ಳಲು ಯತ್ನಿಸಿದರು. ಯತ್ನ ಫಲಿಸಲಿಲ್ಲ. ಭೌತವಿಜ್ಞಾನಕ್ಕೆ ಅತಿಯಾದ ಒತ್ತು, ಹಣದ ಹಂಚಿಕೆ, ಆಡಳಿತದ ರೀತಿ ಇವುಗಳ ಬಗ್ಗೆ ಎದ್ದ ಅಸಮಾಧಾನ ವಿಚಾರಣಾ ಸಮಿತಿಯವರೆಗೆ ಹೋಗಿ, 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನವನ್ನು ಬಿಟ್ಟುಕೊಡಬೇಕಾಯಿತು. ಅವರ ನೇರ ನುಡಿಯೂ ಶೀಘ್ರಕೋಪವೂ ಈ ಬಿಕ್ಕಟ್ಟನ್ನು ಬೆಳೆಸಿದವೆಂಬುದರಲ್ಲಿ ಅನುಮಾನವಿಲ್ಲ. ಆದರೂ ಊರು ಬಿಡಲಿಲ್ಲ. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. ಈ ನಡುವೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದ್ದರು. 1935ರಲ್ಲಿ ಮೈಸೂರು ಮಹಾರಾಜರು ರಾಜಸಭಾಭೂಷಣ ಬಿರುದನ್ನಿತ್ತು ಗೌರವಿಸಿದರು. ಎನ್. ಎಸ್. ನಾಗೇಂದ್ರನಾಥ್ ಅವರೊಡನೆ ಶ್ರವಣಾತೀತ ತರಂಗಗಳು ಬೆಳಕನ್ನು ವಿವರ್ತಿಸುವ ಬಗೆಯನ್ನು ಕುರಿತ ಸಿದ್ಧಾಂತವನ್ನು ರೂಪಿಸಿದ್ದೂ ಈ ವರ್ಷಗಳಲ್ಲಿಯೇ.

ವರ್ಣವಲಯಗಳು ಮತ್ತು ಚುಕ್ಕಿವಿನ್ಯಾಸ

ಯಾದೃಚ್ಛಿಕತೆಯಿಂದ ವಿನ್ಯಾಸ ಹುಟ್ಟುವುದನ್ನು ಅತ್ಯಂತ ನೇರವಾಗಿ ತೋರಿಸುವ ರಾಮನ್ ಶಾಲೆಯ ಕೆಲಸ ವರ್ಣವಲಯಗಳಿಗೆ ಸಂಬಂಧಿಸಿದ್ದು. ಚಳಿಗಾಲದ ಮುಂಜಾವಿನಲ್ಲಿ ಮಾಗಡಿ, ರಾಮನಗರ, ಕನಕಪುರದ ಕಡೆ ಮಂಜು ಕವಿದಾಗ ಬೀದಿದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದುಂಟು. ಮಂಜಿನ ಹನಿಗಳು ಎಲ್ಲೆಂದರಲ್ಲಿ ಇದ್ದರೂ ಅವುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಬಳೆಗಳು ಸ್ಫುಟವಾಗಿ ಮೂಡುತ್ತವೆ. ಬಳೆಯ ಅಳತೆಯನ್ನು ಹನಿಯ ಗಾತ್ರ ನಿರ್ಧರಿಸುತ್ತದೆ. ಹನಿಗಳ ಸ್ಥಾನ ಅಸ್ತವ್ಯಸ್ತವಾಗಿರುವುದರಿಂದ ಅವುಗಳ ಬೆಳಕು ಸರಾಸರಿಯಲ್ಲಿ ಕೇವಲ ಕೂಡುತ್ತಾ ಹೋಗುತ್ತದೆ.

ಆದರೆ ಸರಾಸರಿ ಎಂಬುದು ಇಡೀ ಸತ್ಯವಲ್ಲ. ಗಾಜಿನ ಹಲಗೆಯ ಮೇಲೆ ಸಮಗಾತ್ರದ ಪುಡಿಯನ್ನು ಉದುರಿಸಿ, ಅದರ ಮೂಲಕ ಒಂದೇ ಬಣ್ಣದ ಪುಟ್ಟ ದೀಪವನ್ನು ನೋಡಿದರೆ, ವಲಯವು ನುಣುಪಾಗಿರದೆ ಬೆಳಕು ಕತ್ತಲೆಗಳ ಸಣ್ಣ ಸಣ್ಣ ಚುಕ್ಕಿಗಳಿಂದ ತುಂಬಿರುತ್ತದೆ. ಬಿಳಿ ಬೆಳಕಾದರೆ ಚುಕ್ಕಿಗಳು ಎಳೆದಂತಾಗಿ, ನಡುವಿನಿಂದ ಹೊರಟ ಕಿರಣಗಳಂತೆ ತೋರುತ್ತವೆ. ಮಂಜಿನಲ್ಲಿ ಹನಿಗಳು ಸದಾ ಅಲುಗಾಡುವುದರಿಂದ ಈ ಚುಕ್ಕಿಗಳು ಕಣ್ಣಿಗೆ ಬೀಳುವ ಮೊದಲೇ ಕಲಸಿಹೋಗುತ್ತವೆ. ಗಾಜಿನ ಮೇಲಿನ ಪುಡಿ ನಿಶ್ಚಲವಾದುದರಿಂದ ಅವು ನಿಲ್ಲುತ್ತವೆ. ಜರ್ಮನಿಯ ಲಾವೆ ಈ ಬಗ್ಗೆ ಮೊದಲೇ ಬರೆದಿದ್ದರು. ಪ್ರಖರವಾದ ಚಿಕ್ಕ ದೀಪವನ್ನು ನೋಡುವಾಗ ನಮ್ಮ ಕಣ್ಣಿನೊಳಗೇ ಮೂಡುವ ಇಂಥ ಕಿರಣವಲಯವನ್ನು ರಾಮನ್ 1919ರಲ್ಲಿ ವಿವರಿಸಿ, ಅದಕ್ಕೆ ಕಾರಣ ಕಣ್ಣಿನ ಪಾರದರ್ಶಕ ಭಾಗಗಳಲ್ಲಿ ಯಾದೃಚ್ಛಿಕವಾಗಿ ಹರಡಿರುವ ಸೂಕ್ಷ್ಮಕಣಗಳೆಂದು ತೋರಿಸಿದ್ದರು.

ಇದರ ಗಣಿತ ರೇಲೀ ಅವರದು. ಪ್ರತಿ ಹೆಜ್ಜೆಗೂ ದಿಕ್ಕು ತಪ್ಪುವ ಕುಡುಕನೊಬ್ಬ ಸಾವಿರ ಹೆಜ್ಜೆ ಇಟ್ಟ ಮೇಲೆ ಎಲ್ಲಿರುತ್ತಾನೆಂದು ಹೇಳಲಾಗದು. ಆದರೆ ಇಷ್ಟು ದೂರದಲ್ಲಿರುವ ಸಂಭವ ಎಷ್ಟು ಎಂಬುದನ್ನು ಹೇಳಬಹುದು. ಒಂದೊಂದು ಕಣದಿಂದ ಬರುವ ಅಲೆಯೂ ಅಂಥ ಒಂದು ಹೆಜ್ಜೆ. ಲೆಕ್ಕದ ಪ್ರಕಾರ ಯಾವುದೇ ಜಾಗದಲ್ಲಿ ಬೆಳಕು ಸರಾಸರಿಗಿಂತ ಹೆಚ್ಚಿರುವ ಸಂಭವ ಸುಮಾರು ಶೇ. 37, ಸರಾಸರಿಯ ಮೂರು ಪಟ್ಟನ್ನು ಮೀರುವ ಸಂಭವ ಶೇ. 5. ಹೀಗಾಗಿ ಕತ್ತಲೆಯ ಭಾಗ ಹೆಚ್ಚು, ಉಜ್ವಲ ಚುಕ್ಕಿಗಳು ವಿರಳ. ರಾಮನ್ನರ ಶಿಷ್ಯ ಜಿ. ಎನ್. ರಾಮಚಂದ್ರನ್ ಬೆಂಗಳೂರಿನಲ್ಲಿ ಈ ಏರಿಳಿತಗಳನ್ನು ಪರಿಶೀಲಿಸಿ, ಅವು ರೇಲೀ ನಿಯಮವನ್ನು ಅನುಸರಿಸುತ್ತವೆಂಬುದನ್ನು 1943ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾಮಚಂದ್ರನ್ ಮುಂದೆ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಬಿಡಿಸಿ ಜಗತ್ಪ್ರಸಿದ್ಧರಾದುದರಿಂದ ಇಪ್ಪತ್ತೊಂದರ ಹರೆಯದ ಈ ಕೆಲಸ ಮರೆಗೆ ಸರಿಯಿತು. 1960ರಲ್ಲಿ ಲೇಸರ್ ಬಂದಾಗ ಗೋಡೆಯ ಮೇಲೆ ಬಿದ್ದ ಅದರ ಬೆಳಕಿನಲ್ಲಿ ಇದೇ ಚುಕ್ಕಿವಿನ್ಯಾಸ ಎದ್ದು ಕಂಡು, ಹಲವರು ಅದನ್ನು ಹೊಸತೆಂದೇ ಭಾವಿಸಿದರು.

ಬಾರ್ನ್ ಜೊತೆಗಿನ ವಿವಾದ

1940ರ ದಶಕದಲ್ಲಿ ರಾಮನ್ ತಾವೇ ಕರೆತಂದಿದ್ದ ಮ್ಯಾಕ್ಸ್ ಬಾರ್ನ್ ಅವರ ಸಿದ್ಧಾಂತಕ್ಕೆ ಎದುರಾದರು. ಸ್ಫಟಿಕದೊಳಗಿನ ಪರಮಾಣುಗಳ ಕಂಪನಗಳು ಅಸಂಖ್ಯಾತ ಆವೃತ್ತಿಗಳಲ್ಲಿ ಒತ್ತೊತ್ತಾಗಿ ಹರಡಿರುತ್ತವೆ, ಅವುಗಳ ವಿತರಣೆಯನ್ನು ಸರಾಸರಿಯ ಲೆಕ್ಕದಿಂದಲೇ ಹಿಡಿಯಬೇಕು ಎಂಬುದು ಬಾರ್ನ್ ನಿಲುವು. ವಜ್ರದ ವರ್ಣಪಟಲದಲ್ಲಿ ಕಂಡ ಚೂಪಾದ ರೇಖೆಗಳನ್ನು ಆಧಾರವಾಗಿಟ್ಟುಕೊಂಡ ರಾಮನ್, ಕಂಪನಗಳು ಬೆರಳೆಣಿಕೆಯ ನಿರ್ದಿಷ್ಟ ಆವೃತ್ತಿಗಳಲ್ಲಿ ಮಾತ್ರ ನಡೆಯುತ್ತವೆಂದು ವಾದಿಸಿದರು. ವರ್ಷಗಟ್ಟಲೆ ನಡೆದ ಈ ವಾದದಲ್ಲಿ ಸೋತದ್ದು ರಾಮನ್. ನ್ಯೂಟ್ರಾನ್ ಚದರಿಕೆಯ ಪ್ರಯೋಗಗಳು ಬಾರ್ನ್ ಪಕ್ಷವನ್ನು ಎತ್ತಿಹಿಡಿದವು. ವಜ್ರದ ಚೂಪು ರೇಖೆಗಳಿಗೂ ಆ ಸಿದ್ಧಾಂತದಲ್ಲಿಯೇ ವಿವರಣೆ ದೊರೆಯಿತು. ದ್ರವಗಳಲ್ಲಿ ಯಾದೃಚ್ಛಿಕತೆಯನ್ನು ಅಷ್ಟು ಸಮರ್ಥವಾಗಿ ಬಳಸಿದವರು ಸ್ಫಟಿಕಗಳ ವಿಷಯದಲ್ಲಿ ಅದರ ಮಾತನ್ನು ಒಪ್ಪದೆ ಹೋದದ್ದು ಅವರ ಜೀವನದ ವಿರೋಧಾಭಾಸಗಳಲ್ಲಿ ಒಂದು.

ರಾಮನ್ ಸಂಶೋಧನಾ ಸಂಸ್ಥೆ

ಮೈಸೂರು ಸಂಸ್ಥಾನದಿಂದ ಅಕಾಡೆಮಿಗೆ ದೊರೆತ ಭೂಮಿಯಲ್ಲಿ ರಾಮನ್ ತಮ್ಮದೇ ಸಂಸ್ಥೆಯನ್ನು ಕಟ್ಟಿ, 1948ರ ನಿವೃತ್ತಿಯ ನಂತರ ಅಲ್ಲಿಗೆ ಸ್ಥಳಾಂತರಗೊಂಡರು. ಸರ್ಕಾರದ ಹಣ ತೆಗೆದುಕೊಂಡರೆ ಅದರ ಅಂಕೆಗೂ ಒಳಪಡಬೇಕೆಂದು ತಮ್ಮ ಉಳಿತಾಯದಿಂದಲೂ ಖಾಸಗಿ ದೇಣಿಗೆಯಿಂದಲೂ ಸಂಸ್ಥೆಯನ್ನು ನಡೆಸಿದರು. ಖನಿಜ, ರತ್ನ, ಚಿಪ್ಪು, ಚಿಟ್ಟೆಗಳ ಸಂಗ್ರಹವೊಂದನ್ನು ಬೆಳೆಸಿದರು. ಕ್ಷೀರಸ್ಫಟಿಕ, ಮುತ್ತು, ಚಂದ್ರಶಿಲೆಗಳ ಬಣ್ಣದಾಟ ಈ ಅವಧಿಯ ಅಧ್ಯಯನದ ವಸ್ತುಗಳು.

1955ರಲ್ಲಿ ಕೆ. ಎಸ್. ವಿಶ್ವನಾಥನ್ ಅವರೊಡನೆ ಬಹುಸ್ಫಟಿಕ ವಸ್ತುಗಳ ಮೂಲಕ ಬೆಳಕು ಸಾಗುವ ಸಿದ್ಧಾಂತವನ್ನು ಪ್ರಕಟಿಸಿದರು. ಅನೇಕ ಶಿಲೆಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಅಸಂಖ್ಯ ಸ್ಫಟಿಕಗಳ ಗೊಂಚಲು. ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರಿನಿಂದಲೇ ಭೂವಿಜ್ಞಾನದಲ್ಲಿ ಪ್ರಸಿದ್ಧವಾದ ರಾಮನಗರದ ಕಣಶಿಲೆಯಲ್ಲಿ ಇಂಥ ಗೊಂಚಲು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಸೆಂಟಿಮೀಟರ್‌ಗಟ್ಟಲೆ ದೊಡ್ಡವು. ಹರಳುಗಳು ಅತಿ ಸೂಕ್ಷ್ಮವಾಗಿದ್ದಾಗ ಮಾತ್ರ ವಸ್ತು ಬೆಳಕನ್ನು ಹಾಯಗೊಡುತ್ತದೆ. ಪ್ರತಿ ಹರಳಿನಲ್ಲಿಯೂ ಬೆಳಕಿನ ಅಲೆ ತುಸು ಮುಂದಾಗುತ್ತದೆ ಅಥವಾ ಹಿಂದಾಗುತ್ತದೆ. ಹರಳುಗಳ ದಿಕ್ಕು ಯಾದೃಚ್ಛಿಕವಾದುದರಿಂದ ಈ ತಪ್ಪುಗಳು ಕುಡುಕನ ಹೆಜ್ಜೆಗಳಂತೆಯೇ ಕೂಡುತ್ತವೆ. ಎಷ್ಟು ಬೆಳಕು ನೇರವಾಗಿ ಹೊರಬರುತ್ತದೆ, ಎಷ್ಟು ಚದರುತ್ತದೆ ಎಂಬುದು ಹರಳಿನ ಗಾತ್ರ ಮತ್ತು ತರಂಗದೂರಗಳಿಂದ ಗೊತ್ತಾಗುತ್ತದೆ.

ಕೊನೆಯ ವರ್ಷಗಳು

1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪುರಸ್ಕಾರ ದೊರೆತವು. ದೃಷ್ಟಿ ಮತ್ತು ವರ್ಣಗಳನ್ನು ಕುರಿತ ಅವರ ಗ್ರಂಥ 1968ರಲ್ಲಿ ಹೊರಬಂದಿತು. ಅದರ ನಿರ್ಣಯಗಳನ್ನು ಆ ಕ್ಷೇತ್ರದ ತಜ್ಞರು ಒಪ್ಪಲಿಲ್ಲ. ಪ್ರತಿ ವರ್ಷ ಅಕ್ಟೋಬರ್ 2ರಂದು ಸಂಸ್ಥೆಯಲ್ಲಿ ಗಾಂಧೀ ಸ್ಮಾರಕ ಉಪನ್ಯಾಸ ನೀಡುವ ಪರಿಪಾಠವನ್ನು 1970ರಲ್ಲಿಯೂ ತಪ್ಪಿಸಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದರು. ಅಲ್ಲಿಂದ ಸಂಸ್ಥೆಗೇ ಮರಳಿ ಬಂದು, ನವೆಂಬರ್ 21ರ ಮುಂಜಾನೆ ನಿಧನರಾದರು. ಅಂತ್ಯಕ್ರಿಯೆ ನಡೆದದ್ದು ಸಂಸ್ಥೆಯ ತೋಟದಲ್ಲಿಯೇ. ಆ ಜಾಗದಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ಕಿರಿಯ ಮಗ ವಿ. ರಾಧಾಕೃಷ್ಣನ್ ರೇಡಿಯೋ ಖಗೋಳವಿಜ್ಞಾನಿಯಾಗಿ ಹೆಸರಾಗಿ, 1972ರಿಂದ ಸಂಸ್ಥೆಯ ನಿರ್ದೇಶಕರಾದರು. ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ 1983ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದರು. ಭೌತವಿಜ್ಞಾನ ಮತ್ತು ಖಗೋಳವಿಜ್ಞಾನದಲ್ಲಿ ಸಂಭವನೀಯತೆಯ ಸಮಸ್ಯೆಗಳನ್ನು ಕುರಿತು ಅವರು 1943ರಲ್ಲಿ ಬರೆದ ದೀರ್ಘ ಲೇಖನ ಇಂದಿಗೂ ಓದಲ್ಪಡುತ್ತಿದೆ. ರಾಮನ್ ಪರಿಣಾಮ ಖಚಿತವಾದ ಫೆಬ್ರವರಿ 28ನ್ನು ಭಾರತ ಸರ್ಕಾರ ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತದೆ.